ಉದ್ಯಾನದ ಇಲಿಗಳೂ ನಮ್ಮ ದಯೆಯೂ

ದಾವಣಗೆರೆಯ ಒಂದು ಸಾರ್ವಜನಿಕ ಉದ್ಯಾನಕ್ಕೆ ಮುಂಜಾನೆ ವಾಯುವಿಹಾರಕ್ಕೆ ಹೋಗುವವರಲ್ಲಿ ನಾನೂ ಒಬ್ಬ. ಅಲ್ಲಿಯ ಹೂಪಾತಿಗಳ ಅಂಚಿನಲ್ಲಿ, ಕಲ್ಲುಬೆಂಚುಗಳ ಬುಡದಲ್ಲಿ, ಚರಂಡಿಯ ಮಗ್ಗುಲಲ್ಲಿ ಇಲಿ ಹೆಗ್ಗಣಗಳ ಬಿಲಗಳು ಹೆಚ್ಚಿದಾಗ, ವಿಷವಿಡಬೇಕೆಂದು ಕೆಲವರೂ ಅದು ಪಾಪವೆಂದು ಕೆಲವರೂ ವಾದಕ್ಕೆ ತೊಡಗಿದರು. ಪಾಪವೆಂದವರಲ್ಲಿ ಒಬ್ಬ ಹಿರಿಯರು ದಿನವೂ ಹಿಡಿ ಮಂಡಕ್ಕಿಯನ್ನು ಬಿಲದ ಬಾಯಿಗೆ ಚೆಲ್ಲಿ ಬರುವವರು. ಕಸ ಗುಡಿಸುತ್ತಿದ್ದ ಪೌರಕಾರ್ಮಿಕ ತಾಯಿಯೊಬ್ಬರು ಪೊರಕೆ ನಿಲ್ಲಿಸಿ, "ಯಜಮಾನ್ರೇ, ಮಂಡಕ್ಕಿ ಹಾಕೋರು ನೀವು, ಸತ್ತ ಇಲಿ ಎತ್ತೋಳು ನಾನು" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಆದರೆ ಆ ಮಾತಿನ ಮುಂದೆ ನಮ್ಮೆಲ್ಲರ ವಾದವೂ ನಿಂತುಹೋಯಿತು.

ಬಸವಾದಿ ಶರಣರು ಧರ್ಮಕ್ಕೆ ದಯೆಯೇ ಮೂಲವೆಂದು ಸಾರಿದರು. ಆ ದಯೆಗೆ ಮನುಷ್ಯರೆಂಬ ಎಲ್ಲೆಯನ್ನು ಹಾಕಲಿಲ್ಲ. ಹಾಗಾದರೆ ಇಲಿಯನ್ನು ಕೊಲ್ಲುವುದು ಸರಿಯೇ? ಕೊಲ್ಲದೆ ಬಿಡುವುದಷ್ಟೇ ದಯೆಯೇ? ಇದು ಕೇವಲ ನಗರಪಾಲಿಕೆಯ ಪ್ರಶ್ನೆಯಲ್ಲ, ನಮ್ಮ ಆಚಾರದ ಪ್ರಶ್ನೆಯೂ ಹೌದು.

ಇಲಿಯ ಭಯ ನಿರಾಧಾರವಾದುದಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿ ಮೈಸೂರು ಸಂಸ್ಥಾನದಲ್ಲಿ ಹರಡಿತು. ಮನೆಯಲ್ಲಿ ಇಲಿ ಬಿತ್ತೆಂದರೆ ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ಆ ರೋಗವನ್ನು ಮನುಷ್ಯನಿಗೆ ಮುಟ್ಟಿಸುವುದೆಂದು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡರು. ಇಂದು ಪ್ಲೇಗು ವಿರಳ, ಇಲಿಜ್ವರ ವಿರಳವಲ್ಲ. ಇಲಿಯ ಮೂತ್ರ ಬೆರೆತ ನೀರು, ಕೆಸರುಗಳ ಮೂಲಕ, ಕಾಲಿನ ಬಿರುಕಿನಿಂದಲೋ ಗಾಯದಿಂದಲೋ ಅದರ ರೋಗಾಣು ದೇಹವನ್ನು ಸೇರುತ್ತದೆ. ತಡವಾದರೆ ಮೂತ್ರಪಿಂಡಕ್ಕೂ ಯಕೃತ್ತಿಗೂ ಆಪತ್ತು. ಅದಕ್ಕೆ ಹೆಚ್ಚಾಗಿ ಬಲಿಯಾಗುವವರು ಚರಂಡಿ ಬಳಿಯುವವರು, ಗದ್ದೆಯ ಕೆಸರಿನಲ್ಲಿ ನಾಟಿ ಮಾಡುವವರು. ಪಾದರಕ್ಷೆ ಮೆಟ್ಟಿ ಬರುವ ನಮಗೆ ಸುಲಭವಾಗಿರುವ ದಯೆಯ ಬೆಲೆಯನ್ನು ಬರಿಗಾಲಿನವರು ತೆರಬೇಕಾದರೆ, ಅದನ್ನು ದಯೆಯೆನ್ನಲು ನಾಲಿಗೆ ಹೇಗೆ ಬಂದೀತು?

ಹಾಗೆಂದು ವಿಷವಿಟ್ಟು ಕೈತೊಳೆದುಕೊಳ್ಳುವುದೂ ಪರಿಹಾರವಲ್ಲ. ಇಲಿಯ ಗರ್ಭಾವಧಿ ಸುಮಾರು ಮೂರು ವಾರ. ಒಂದು ಸೂಲಿಗೆ ಆರರಿಂದ ಹನ್ನೆರಡು ಮರಿಗಳು. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೂ ಸಂತಾನಕ್ಕೆ ಸಿದ್ಧ. ಅನ್ನ ಇದ್ದಲ್ಲಿಯೇ ಇದ್ದರೆ, ಸತ್ತವುಗಳ ಸ್ಥಾನವನ್ನು ಉಳಿದವುಗಳ ಮರಿಗಳು ಬೇಗನೆ ತುಂಬುತ್ತವೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಂದಿನ ವಿಷಗಳು ಇಲಿಯನ್ನು ಕೆಲವು ದಿನ ನರಳಿಸಿ ಕೊಲ್ಲುತ್ತವೆ. ಅದನ್ನು ತಿಂದ ಗೂಬೆ, ಬೆಕ್ಕು, ನಾಯಿಗಳಿಗೂ ಅಪಾಯ ತಪ್ಪಿದ್ದಲ್ಲ. ಇಲಿಯನ್ನು ತಿಂದು ಉಪಕರಿಸುವ ಗೂಬೆಯನ್ನು ಅಪಶಕುನವೆಂದು ಓಡಿಸಿ, ಅದರ ಕೆಲಸಕ್ಕೆ ವಿಷವನ್ನು ನೇಮಿಸುವ ನಮ್ಮ ವಿವೇಕ ಎಂಥದು!

ಮೂರನೆಯ ಉಪಾಯವೊಂದುಂಟು. ಬೋನಿನಲ್ಲಿ ಹಿಡಿದ ಇಲಿಯನ್ನು ಹರಿಹರದ ಸೇತುವೆಯ ಆಚೆ, ತುಂಗಭದ್ರೆಯ ದಡದಲ್ಲಿ ಬಿಟ್ಟುಬಂದರಾಯಿತೆಂದು ಅಹಿಂಸಾವಾದಿಗಳಾದ ಮಿತ್ರರೊಬ್ಬರು ಸಲಹೆಯಿತ್ತರು. ಆ ದಡದಲ್ಲಿ ಬತ್ತದ ಗದ್ದೆಗಳಿಲ್ಲವೇ? ಅಲ್ಲಿಯ ರೈತನ ತೆನೆಗೆ ಹಲ್ಲು ಬಿದ್ದರೆ ನಷ್ಟ ಯಾರದು? ಬಿಲವನ್ನೇ ಅರಿಯದ ಹೊಸ ನೆಲದಲ್ಲಿ ಆ ಇಲಿಯಾದರೂ ಎಷ್ಟು ದಿನ ಬದುಕೀತು? ನಮ್ಮ ಕಣ್ಣಿಗೆ ಬೀಳದ ಕಡೆಗೆ ಹಿಂಸೆಯನ್ನು ಸಾಗಿಸಿದ ಮಾತ್ರಕ್ಕೆ ಅದು ಅಹಿಂಸೆಯಾಗಲಾರದು.

ಹಾಗಾದರೆ ಮಾರ್ಗವಾವುದು? ಮೊದಲು, ಇಲಿಯನ್ನು ಕರೆದವರಾರು ಎಂದು ಕೇಳಿಕೊಳ್ಳಬೇಕು. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದು ಪೊಟ್ಟಣವನ್ನು ಹುಲ್ಲಿನಲ್ಲಿ ಬಿಸುಟವರು ನಾವು. ಪಾರಿವಾಳಕ್ಕೆಂದು ಕಾಳು ಚೆಲ್ಲಿ ಪುಣ್ಯದ ಲೆಕ್ಕ ಬರೆದುಕೊಂಡವರು ನಾವು. ಆಮಂತ್ರಣವೂ ನಮ್ಮದೇ, ವಿಷವೂ ನಮ್ಮದೇ. ಆದುದರಿಂದ ಎಂಜಲು ಚೆಲ್ಲದಿರುವುದು, ಮುಚ್ಚಳವಿರುವ ಕಸದ ಡಬ್ಬಿಗಳನ್ನಿಟ್ಟು ಸಂಜೆಯೇ ಬರಿದು ಮಾಡುವುದು, ಒಡೆದ ಚರಂಡಿಯನ್ನು ಸರಿಪಡಿಸುವುದು, ಪೊದೆಗಳನ್ನು ಸವರಿ ಬಿಲಗಳನ್ನು ಮುಚ್ಚುವುದು, ಇವು ಮೊದಲಿನ ಕರ್ತವ್ಯಗಳು.

ಅನ್ನ ತಪ್ಪಿಸುವುದೂ ಕೊಲ್ಲುವುದಲ್ಲವೇ ಎಂದು ಆ ಹಿರಿಯರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಕೆಲವು ಇಲಿಗಳು ಹಸಿವಿನಿಂದ ಸಾಯಬಹುದು, ಅದನ್ನು ಮುಚ್ಚಿಡಲಾಗದು. ಆದರೆ ಅನ್ನ ಕಡಿಮೆಯಾದಲ್ಲಿ ಹುಟ್ಟುವ ಮರಿಗಳೂ ಕಡಿಮೆ. ನೂರನ್ನು ಸಾಕಿ ನೂರನ್ನು ಕೊಲ್ಲುವುದಕ್ಕಿಂತ ಆ ನೂರು ಹುಟ್ಟದಂತೆ ನಡೆದುಕೊಳ್ಳುವುದು ಕಡಿಮೆ ಹಿಂಸೆಯ ದಾರಿ. ಇಷ್ಟಾದರೂ ಉಳಿದವುಗಳನ್ನು ರೋಗಭಯದಿಂದ ಕೊಲ್ಲಲೇಬೇಕಾಗಿ ಬಂದರೆ, ಬೇಗನೆ ಪ್ರಾಣ ಹೋಗುವ ವಿಧಾನದಿಂದ, ಬಲ್ಲವರ ಕೈಯಿಂದ, ಕೈಗವಸು ಪಾದರಕ್ಷೆಗಳನ್ನು ಒದಗಿಸಿ ಮಾಡಿಸಬೇಕು. ಅಂಟುಹಲಗೆಯ ಮೇಲೆ ಸಿಕ್ಕಿಸಿ ದಿನಗಟ್ಟಲೆ ಒದ್ದಾಡಿಸುವುದು ಸಲ್ಲದು. ಅನಗತ್ಯ ನೋವನ್ನು ತಡೆಯುವುದಕ್ಕಾಗಿಯೇ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. ಭಕ್ತನಿಗೆ ಕಾಯಿದೆಗಿಂತ ಮೊದಲೇ ಅಂತಃಕರಣವಿರಬೇಕು. ಆ ಕೊಲೆಯನ್ನು ಗೆಲುವೆಂದು ಎಣಿಸದೆ, ನಮ್ಮ ಅಶುಚಿಯ ಫಲವೆಂದು ತಿಳಿದು ತಲೆತಗ್ಗಿಸಬೇಕು.

ಕಸ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನನ್ನು ಶರಣ ಪರಂಪರೆ ಗೌರವದಿಂದ ನೆನೆಯುತ್ತದೆ. ಪೊರಕೆ ಹಿಡಿದ ಕೈಗೆ ಅನುಭಾವದ ಪಂಕ್ತಿಯಲ್ಲಿ ಸ್ಥಾನವಿತ್ತ ಪರಂಪರೆಯವರಾದ ನಾವು, ಉದ್ಯಾನದಲ್ಲಿ ಪೊರಕೆ ಹಿಡಿದ ಆ ತಾಯಿಯ ಮಾತನ್ನು ಉಪದೇಶವೆಂದೇ ಸ್ವೀಕರಿಸಬೇಕು. ಮರುದಿನದಿಂದ ಆ ಹಿರಿಯರು ಮಂಡಕ್ಕಿ ತರಲಿಲ್ಲ. ಬರುವಾಗ ಒಂದು ಚೀಲ ತಂದು, ದಾರಿಯುದ್ದಕ್ಕೂ ಬಿದ್ದ ಪೊಟ್ಟಣಗಳನ್ನು ಆರಿಸತೊಡಗಿದರು. ಅವರ ದಯೆ ಕಡಿಮೆಯಾಗಲಿಲ್ಲ; ಅದಕ್ಕೆ ಸರಿಯಾದ ಕಾಯಕ ದೊರೆಯಿತು.