ಬೇರೆ ಒಲೆ

ನಮ್ಮ ರೋಣದ ಮನೆಯಲ್ಲಿ 1998ರವರೆಗೆ ಒಂದೇ ಒಲೆ. ಅತ್ತೆ, ಮಾವ, ಮೂವರು ಅಣ್ಣತಮ್ಮಂದಿರು, ಮೂವರು ಸೊಸೆಯರು. ಆ ವರ್ಷದ ಶ್ರಾವಣದಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತ ಕುಳಿತಾಗ ನಾನು ಅತ್ತೆಗೆ, "ಸಣ್ಣಾಕಿ ದೀಪಾವಳಿಯೊಳಗ ಬ್ಯಾರೆ ಆಗ್ತಾಳ ನೋಡ್ರಿ" ಅಂದುಬಿಟ್ಟೆ. ನನಗೇನು ಪಂಚಾಂಗ ಗೊತ್ತಿರಲಿಲ್ಲ. ಕಣ್ಣಿಗೆ ಕಂಡದ್ದಿಷ್ಟು: ಗಜೇಂದ್ರಗಡದ ತವರಿನಿಂದ ಬಂದ ಪಾತ್ರೆಗಳನ್ನು ಆಕೆ ಅಡಿಗೆಮನೆಗೆ ಇಳಿಸಿರಲಿಲ್ಲ. ಒಂದು ಸೀಮೆಎಣ್ಣೆ ಸ್ಟೋವ್ ಕೊಂಡು ಮಂಚದ ಕೆಳಗೆ ಇಟ್ಟಿದ್ದಳು. ಮೊದಲು ಮಗುವಿನ ಹಾಲು ಮಾತ್ರ ಅದರ ಮೇಲೆ. ಬರಬರುತ್ತ ಗಂಡನ ಚಹಾ, ಆಮೇಲೆ ಉಪ್ಪಿಟ್ಟು. ದೀಪಾವಳಿಗೆ ಎಂಟು ದಿನ ಮೊದಲೇ ಅವರು ಬೇರೆಯಾದರು. ಅತ್ತೆ ನನ್ನತ್ತ ತಿರುಗಿ, "ನಿನ್ನ ಬಾಯೇ ಹತ್ತಿತು ನೋಡು" ಅಂದರು. ಮನೆ ಒಡೆದವಳು ನಾನೇ ಎಂಬ ಹೆಸರು ಅವರು ಇರುವವರೆಗೂ ಹೋಗಲಿಲ್ಲ.

ಇದು ಮತ್ತೆ ನೆನಪಾದದ್ದು ಕಂಪ್ಯೂಟರಿನ ದೆಸೆಯಿಂದ. ನರಗುಂದದ ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿದ್ದಾನೆ. 2014ರ ದೀಪಾವಳಿಗೆ ಬಂದಾಗ, "ಚಿಕ್ಕಮ್ಮ, ಆಪಲ್ ಕಂಪನಿ ಇನ್ನು ಐದಾರು ವರ್ಷದಾಗ ಇಂಟೆಲ್ ಬಿಟ್ಟು ತನ್ನದೇ ಪ್ರೊಸೆಸರ್ ಹಾಕ್ತದ" ಎಂದ. ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದರಂತೆ. ಪ್ರೊಸೆಸರ್ ಎಂದರೆ ಗಣಕದೊಳಗೆ ಲೆಕ್ಕವನ್ನೆಲ್ಲ ಮಾಡುವ, ಉಗುರಿನಷ್ಟಗಲದ ಸಿಲಿಕಾನ್ ಚೂರು. ಆಪಲ್ ತನ್ನ ಮ್ಯಾಕ್ ಗಣಕಗಳಿಗೆ 2006ರಿಂದ ಅದನ್ನು ಇಂಟೆಲ್‌ನಿಂದ ಕೊಳ್ಳುತ್ತಿತ್ತು. ನಿನಗೆ ಹೇಗೆ ಗೊತ್ತು ಎಂದೆ. ಅವನು ಹೇಳಿದ್ದು ಕೇಳಿ: 2008ರಲ್ಲಿ ಆ ಕಂಪನಿ ಪಿ.ಎ. ಸೆಮಿ ಎಂಬ ಚಿಪ್ ವಿನ್ಯಾಸಗಾರರ ಸಂಸ್ಥೆಯನ್ನೇ ಕೊಂಡಿತು. 2010ರಲ್ಲಿ ಐಪ್ಯಾಡಿಗೆ ತನ್ನ ಎ4 ಹಾಕಿತು. 2013ರಲ್ಲಿ ಫೋನಿಗೆ ಹಾಕಿದ ಎ7, ದೊಡ್ಡ ಗಣಕಗಳಂತೆ 64 ಬಿಟ್‌ನದು. "ಫೋನಿಗೆ ಅಷ್ಟು ಯಾತಕ್ಕ ಬೇಕಾಗಿತ್ತು?" ಎಂದ. ಮಂಚದ ಕೆಳಗಿನ ಸ್ಟೋವ್ ನನ್ನ ಕಣ್ಣ ಮುಂದೆ ಬಂತು. ಹಾಲು, ಚಹಾ, ಉಪ್ಪಿಟ್ಟು!

2020ರ ಜೂನ್ 22ರಂದು ಆಪಲ್ ಸುದ್ದಿ ಹೊರಗೆಡವಿತು. ನವೆಂಬರಿನಲ್ಲಿ ಎಂ1 ಚಿಪ್ಪಿನ ಗಣಕಗಳು ಬಂದವು. 2023ರ ಜೂನಿಗೆ ಕೊನೆಯ ಮಾದರಿಯೂ ಬದಲಾಯಿತು. ನಕ್ಕವರೆಲ್ಲ "ಇದು ಆಗುವಂಥದ್ದೇ ಇತ್ತು" ಎಂದರಂತೆ. ಅವನಿಗೆ ಬಾಯಿ ಹತ್ತಿದ ಹೆಸರು ಬರಲಿಲ್ಲ, ಜಾಣನೆಂಬ ಹೆಸರೂ ಬರಲಿಲ್ಲ.

ನನ್ನನ್ನು ಕಾಡಿದ ಪ್ರಶ್ನೆಯೇ ಬೇರೆ. ವರ್ಷಗಟ್ಟಲೆ ಒಬ್ಬರ ಹತ್ತಿರ ಕೊಳ್ಳುತ್ತ, ಒಳಗೊಳಗೇ ಬಿಡುವ ತಯಾರಿ ನಡೆಸುವುದು ಮೋಸವೇ? ಅತ್ತೆಯ ಪ್ರಕಾರ ಮೋಸವೇ. ನಾನು ಹಾಗೆನ್ನಲಾರೆ. ಕೈಯಲ್ಲಿ ಇನ್ನೊಂದು ಒಲೆ ಇಲ್ಲದೆ "ಹೋಗ್ತೀನಿ" ಎಂದು ಸಾರಿದವಳ ಗತಿ ಏನಾಗುತ್ತದೆಂದು ನಮ್ಮಂಥವರಿಗೆ ಹೇಳಿಕೊಡಬೇಕಾಗಿಲ್ಲ. ಇಂಟೆಲ್‌ನವರ ಹೊಸ ತಯಾರಿಕಾ ಪದ್ಧತಿಯೂ ವರ್ಷ ವರ್ಷ ಮುಂದಕ್ಕೆ ಹೋಗುತ್ತಿತ್ತು. ದೊಡ್ಡ ಒಲೆಯ ಅಡಿಗೆ ತಡವಾದಾಗ ಹಸಿದವರು ಎಷ್ಟು ದಿನ ಕಾಯಬೇಕು? ಇನ್ನು "ತನ್ನದೇ" ಎನ್ನುವುದಾದರೂ ಎಷ್ಟು? ಆ ಚಿಪ್ಪಿನ ವಿನ್ಯಾಸ ಆಪಲ್‌ನದು, ಅದಕ್ಕೆ ಅರ್ಥವಾಗುವ ಆಜ್ಞೆಗಳ ಭಾಷೆ ಇಂಗ್ಲೆಂಡಿನ ಆರ್ಮ್ ಕಂಪನಿಯದು, ತಯಾರಾಗುವುದು ತೈವಾನಿನ ಟಿಎಸ್‌ಎಂಸಿಯಲ್ಲಿ. ಸಣ್ಣಾಕಿಯ ಬೇರೆ ಒಲೆಗೂ ಜೋಳ ಹೋಗುತ್ತಿದ್ದುದು ಪಾಲಾಗದ ಅದೇ ಹೊಲದಿಂದ.

ಹಾಗಾದರೆ ಮುಂಚೆ ಹೇಳಿದವರ ತಪ್ಪೇನು? ಅಕ್ಕನ ಮಗನದು ಏನೂ ಇಲ್ಲ. ಬೆಂಗಳೂರಿನ ಆಫೀಸಿನಲ್ಲಿ ಚಹಾ ಕುಡಿಯುತ್ತ ಆಡಿದ ಮಾತು ಅಮೆರಿಕದ ಕಂಪನಿಯ ಮನಸ್ಸನ್ನು ಮುಟ್ಟುವುದಿಲ್ಲ. ಮನೆಯೊಳಗಿನ ಮಾತು ಹಾಗಲ್ಲ. ನಿಜ ಹೇಳಬೇಕೆಂದರೆ, ಅಂದು ಆ ಮಾತು ಆಡುವಾಗ ನನಗೆ ಒಳಗೊಂದು ಖುಷಿಯಿತ್ತು. ಕಂಡದ್ದನ್ನು ಸಣ್ಣಾಕಿಗೇ ಕೇಳಬಹುದಿತ್ತು, "ಯಾಕವ್ವ, ಏನು ತ್ರಾಸ?" ಎಂದು. ಕೇಳಲಿಲ್ಲ.

ಹೋದ ಶ್ರಾವಣದಲ್ಲಿ ಕಾಲಕಾಲೇಶ್ವರನ ದರ್ಶನ ಮಾಡಿ ಬರುವಾಗ ಗಜೇಂದ್ರಗಡದಲ್ಲಿ ಆಕೆಯ ಮನೆಗೆ ಹೋಗಿದ್ದೆ. "ಬ್ಯಾರೆ ಆಗಬೇಕಂತ ಯಾವಾಗ ಮನಸ್ಸು ಮಾಡಿದ್ದಿ?" ಎಂದು ಕೇಳಿಯೇಬಿಟ್ಟೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮನಸ್ಸು ಹೊಯ್ದಾಡತಿತ್ತು ಅಕ್ಕ. ನೀವು ಅತ್ತೀ ಮುಂದ ಅಂದದ್ದು ನನ್ನ ಕಿವಿಗೆ ಬಿತ್ತು. ಹೆಂಗೂ ಹೆಸರು ಬಂತಲ್ಲ ಅಂತ..." ಅಷ್ಟಕ್ಕೇ ನಿಲ್ಲಿಸಿ ಚಹಾ ಇಡಲು ಒಳಗೆ ಹೋದಳು.