ಪರದೇಶದ ಮನೆಯೂ ಮನೆಯೊಡೆಯನೂ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೀಗೆ ಹೇಳುವಾಗ ಅವರ ಮನಸ್ಸಿನಲ್ಲಿದ್ದುದು ಖರ್ಚಿನ ಲೆಕ್ಕ ಮಾತ್ರವಲ್ಲ. ಮನುಷ್ಯನ ತಾಳ್ಮೆ, ಮಾತಿನ ನಿಯತ್ತು, ಇತರರೊಡನೆ ಹೊಂದಿಕೊಂಡು ಹೋಗುವ ಗುಣ ಇವೆಲ್ಲ ಒರೆಗೆ ಹತ್ತುವುದು ಇಂತಹ ಸಂದರ್ಭಗಳಲ್ಲೇ ಎಂಬುದನ್ನು ಅವರು ಬಲ್ಲವರಾಗಿದ್ದರು. ಸ್ವಂತ ಊರಿನ ಮನೆಯೇ ಇಷ್ಟು ಪಾಠ ಕಲಿಸುವುದಾದರೆ, ಭಾಷೆ, ಕಾನೂನು, ಆಚಾರ ಯಾವುದೂ ತಿಳಿಯದ ಪರದೇಶದಲ್ಲಿ ಮನೆ ಕೊಂಡವನ ಪಾಡೇನು? ಅದು ಅವನ ಆಸ್ತಿಯನ್ನು ಹೆಚ್ಚಿಸೀತು. ಅವನ ವ್ಯಕ್ತಿತ್ವವನ್ನೂ ಹೆಚ್ಚಿಸಬಲ್ಲುದೇ?

ಈ ಪ್ರಶ್ನೆ ನಮಗೆ ತೀರ ದೂರದ್ದೇನೂ ಅಲ್ಲ. ದುಬೈಯಲ್ಲಿ ವಿದೇಶೀಯರು ಮನೆಯ ಒಡೆತನ ಪಡೆಯಲು 2002ರಲ್ಲಿ ದಾರಿ ತೆರೆಯಿತು. 2006ರಲ್ಲಿ ಅದಕ್ಕೊಂದು ಕಾನೂನೂ ಬಂತು. ಇತ್ತ ಭಾರತೀಯ ರಿಸರ್ವ್ ಬ್ಯಾಂಕು 2004ರಲ್ಲಿ ವರ್ಷಕ್ಕೆ 25,000 ಡಾಲರುಗಳಷ್ಟು ಹಣವನ್ನು ಹೊರದೇಶಕ್ಕೆ ಕಳುಹಿಸಲು ನಿವಾಸಿಗಳಿಗೆ ಅವಕಾಶ ನೀಡಿತು. 2015ರಿಂದ ಆ ಮಿತಿ 2,50,000 ಡಾಲರು. ಕರಾವಳಿಯ ಎಷ್ಟೋ ಕುಟುಂಬಗಳಲ್ಲಿ ಹೊರದೇಶದ ಮನೆಯೆಂಬುದು ಈಗ ಊಟದ ಹೊತ್ತಿನ ಮಾತಾಗಿದೆ.

ಆದರೆ ನಮ್ಮ ವಿಚಾರಕ್ಕೆ ಹೆಚ್ಚು ಬೆಳಕು ನೀಡುವ ಉದಾಹರಣೆ ಇಟಲಿಯದು. ಸಿಸಿಲಿ ದ್ವೀಪದಲ್ಲಿ ಸಂಬೂಕ ಎಂಬ ಒಂದು ಪುಟ್ಟ ಊರಿದೆ. ಬದುಕನ್ನು ಅರಸಿ ಅಲ್ಲಿಯ ಜನ ತಲೆಮಾರುಗಳ ಹಿಂದೆಯೇ ಅಮೆರಿಕಾಕ್ಕೆ ವಲಸೆ ಹೋಗತೊಡಗಿದ್ದರು. 1968ರ ಜನವರಿಯಲ್ಲಿ ಬೆಲಿಚೆ ಕಣಿವೆಯನ್ನು ನಡುಗಿಸಿದ ಭೂಕಂಪವು ಆ ಸೀಮೆಯಿಂದ ಇನ್ನಷ್ಟು ಜನರನ್ನು ಹೊರದೂಡಿತು. ಮನೆಗಳು ಬರಿದಾದವು, ಸೂರುಗಳು ಕುಸಿದವು. 2019ರಲ್ಲಿ ಅಲ್ಲಿಯ ಪೌರಸಭೆಯು ಇಂತಹ 16 ಪಾಳು ಮನೆಗಳನ್ನು ತಲಾ ಒಂದು ಯೂರೋ ಆರಂಭಿಕ ಬೆಲೆಗೆ ಹರಾಜಿಗಿಟ್ಟಿತು. ಸುದ್ದಿ ಹಬ್ಬಿದ್ದೇ ತಡ, ಲೋಕದ ನಾನಾ ಮೂಲೆಗಳಿಂದ ಜನ ಮುಗಿಬಿದ್ದರು. ಬೆಲೆ ಒಂದು ಯೂರೋ ಆದರೂ ಷರತ್ತು ಸಣ್ಣದಲ್ಲ. 5,000 ಯೂರೋ ಠೇವಣಿ ಇಡಬೇಕು. ಮೂರು ವರ್ಷಗಳೊಳಗೆ ಮನೆಯನ್ನು ದುರಸ್ತಿ ಮಾಡಬೇಕು. ತಪ್ಪಿದರೆ ಠೇವಣಿ ಹೋಯಿತು. ಅಂದರೆ ಅಲ್ಲಿ ಮಾರಾಟಕ್ಕಿದ್ದುದು ಮನೆಗಿಂತ ಹೆಚ್ಚಾಗಿ ಒಂದು ಹೊಣೆ.

ಇಲ್ಲಿ ಒಂದು ಹಳೆಯ ಆಕ್ಷೇಪವನ್ನು ನಾವು ಎದುರಿಸಬೇಕಾಗುತ್ತದೆ. ರೋಮಿನ ತತ್ತ್ವಜ್ಞಾನಿ ಸೆನೆಕನು ತನ್ನ ಗೆಳೆಯ ಲುಸಿಲಿಯಸನಿಗೆ ಬರೆದ ಪತ್ರವೊಂದರಲ್ಲಿ, ಊರು ಬದಲಿಸಿದರೆ ಮನಸ್ಸಿನ ಭಾರ ಇಳಿಯದು, ಏಕೆಂದರೆ ಮನುಷ್ಯನು ಹೋದಲ್ಲೆಲ್ಲ ತನ್ನನ್ನೇ ಹೊತ್ತುಕೊಂಡು ಹೋಗುತ್ತಾನೆ ಎಂಬ ಅಭಿಪ್ರಾಯವನ್ನು ಮಂಡಿಸುತ್ತಾನೆ. ಈ ಮಾತು ಸತ್ಯ. ಇಲ್ಲಿ ಮುಂಗೋಪಿಯಾದವನು ಸಿಸಿಲಿಯಲ್ಲೂ ಮುಂಗೋಪಿಯೇ. ಇಲ್ಲಿ ನೆರೆಯವನ ಮುಖ ನೋಡದವನು ಅಲ್ಲಿ ಹೋಗಿ ಸ್ನೇಹಜೀವಿಯಾಗುತ್ತಾನೆಂದು ಯಾವ ಭರವಸೆ?

ಆದರೆ ಸೆನೆಕನ ಟೀಕೆ ಮುಖ್ಯವಾಗಿ ಪ್ರವಾಸಿಗನನ್ನು ಕುರಿತದ್ದು. ಪ್ರವಾಸಿಗನಿಗೂ ಮನೆಯೊಡೆಯನಿಗೂ ದೊಡ್ಡ ವ್ಯತ್ಯಾಸವುಂಟು. ಬೇಸರವಾದರೆ ಪ್ರವಾಸಿಗನು ಗಂಟು ಕಟ್ಟಿ ಹೊರಡಬಹುದು. ಮನೆಯೊಡೆಯನು ಹಾಗೆ ಹೊರಡಲಾರ. ಸೋರುವ ಸೂರು ಅವನನ್ನು ಹಿಡಿದು ನಿಲ್ಲಿಸುತ್ತದೆ. ನಿಂತವನು ಕಲಿಯಲೇಬೇಕು. ಇಟಲಿಯಲ್ಲಿ ನೋಟರಿಯು ಕ್ರಯಪತ್ರವನ್ನು ಇಬ್ಬರ ಮುಂದೆ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ. ತನ್ನದೇ ವ್ಯವಹಾರದ ಮಾತು ಕಿವಿಗೆ ಬಿದ್ದರೂ ಅರ್ಥವಾಗದೆ ದುಭಾಷಿಯ ಮುಖ ನೋಡಬೇಕಾದ ಆ ಗಳಿಗೆಯಲ್ಲಿ, ಸ್ವದೇಶದಲ್ಲಿ ಎಷ್ಟೇ ದೊಡ್ಡ ಹುದ್ದೆಯಲ್ಲಿರುವವನೂ ಮತ್ತೆ ಒಂದನೆಯ ತರಗತಿಯ ಮಗುವಾಗುತ್ತಾನೆ. ಅಲ್ಲಿಯ ಊರುಗಳಲ್ಲಿ ಮಧ್ಯಾಹ್ನ ಅಂಗಡಿಗಳು ಬಾಗಿಲು ಮುಚ್ಚುತ್ತವೆ. ನಮ್ಮ ಆತುರಕ್ಕಾಗಿ ಯಾರೂ ತೆರೆಯರು. ಗೋಡೆಯ ಕಲ್ಲು ಯಾವುದು, ಗಾರೆ ಯಾವುದು ಎಂಬುದನ್ನು ಸ್ಥಳೀಯ ಮೇಸ್ತ್ರಿಯಿಂದಲೇ ಕೇಳಿ ತಿಳಿಯಬೇಕು. ಪಕ್ಕದ ಮನೆಯ ಅಜ್ಜಿಯ ಒಪ್ಪಿಗೆಯಿಲ್ಲದೆ ಓಣಿಯಲ್ಲಿ ಮರಳು ಸುರಿಯುವಂತಿಲ್ಲ.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ ಸದ್ಗುಣವನ್ನು ಕಸುಬಿಗೆ ಹೋಲಿಸುತ್ತಾನೆ. ಕಟ್ಟುತ್ತ ಕಟ್ಟುತ್ತ ಮನುಷ್ಯ ಕಟ್ಟಡ ಕಟ್ಟುವವನಾಗುವಂತೆ, ನ್ಯಾಯದಿಂದ ನಡೆಯುತ್ತ ನಡೆಯುತ್ತ ನ್ಯಾಯವಂತನಾಗುತ್ತಾನೆಂಬುದು ಅವನ ವಾದ. ಗುಣವು ಉಪದೇಶದಿಂದಲ್ಲ, ಅಭ್ಯಾಸದಿಂದ ಬೇರೂರುತ್ತದೆ. ಪರದೇಶದ ಮನೆ ಅಂತಹ ಅಭ್ಯಾಸಕ್ಕೆ ಒಂದು ಅವಕಾಶ. ಆದ್ದರಿಂದ ಮನೆಯನ್ನು ಕೊಂಡಾಕ್ಷಣ ಮನುಷ್ಯ ಬದಲಾಗುವುದಿಲ್ಲ. ಅದು ಕೇಳುವ ಕೆಲಸವನ್ನು ದಿನದಿನವೂ ಮಾಡುವುದರಿಂದ ಬದಲಾಗುತ್ತಾನೆ.

ಈ ಅಭ್ಯಾಸದ ಮೊದಲ ಪಾಠ ವಿನಯ. ಅನ್ಯನಾಡಿನಲ್ಲಿ ಭೂಮಿ ಹೊಂದುವುದು ಯಾರ ಜನ್ಮಸಿದ್ಧ ಹಕ್ಕೂ ಅಲ್ಲ. ಭಾರತೀಯ ಮೂಲದವನಲ್ಲದ, ಇಲ್ಲಿಯ ನಿವಾಸಿಯೂ ಅಲ್ಲದ ವಿದೇಶೀಯನಿಗೆ ನಮ್ಮ ದೇಶವೇ ಸಾಮಾನ್ಯವಾಗಿ ಮನೆ ಕೊಳ್ಳಲು ಬಿಡುವುದಿಲ್ಲ. ಆದಿಕಾಂಡದ 23ನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿ ನೋಡಿ. ಪತ್ನಿ ಸಾರಳ ಸಮಾಧಿಗಾಗಿ ಅಬ್ರಹಾಮನಿಗೆ ಹೆಬ್ರೋನಿನಲ್ಲಿ ನೆಲ ಬೇಕಿತ್ತು. ಅವನು ಸಿರಿವಂತ. ಆದರೂ ತಾನು ಪರದೇಶಿಯೆಂದು ಒಪ್ಪಿಕೊಂಡು, ನಾಡಿನ ಜನರ ಮುಂದೆ ತಲೆಬಾಗಿ, ಊರ ಬಾಗಿಲಲ್ಲಿ ಎಲ್ಲರೂ ಕೇಳುವಂತೆ ಮಾತನಾಡಿ, ಪುಕ್ಕಟೆಯಾಗಿ ಕೊಡುತ್ತೇನೆಂದರೂ ಒಪ್ಪದೆ 400 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟ. ಪರದೇಶದಲ್ಲಿ ಆಸ್ತಿ ಕೊಳ್ಳುವವನ ನಡತೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಈ ವಿನಯವಿಲ್ಲದೆ ಕೊಂಡ ಮನೆ ಕೊಂಡವನನ್ನು ತಿದ್ದುವುದಿಲ್ಲ, ಊರನ್ನು ಮಾತ್ರ ನೋಯಿಸುತ್ತದೆ. ಹೊರಗಿನವರು ಹೂಡಿಕೆಯ ಸಲುವಾಗಿಯೇ ಮನೆ ಕೊಂಡು ಬೀಗ ಹಾಕಿದಲ್ಲಿ ಸ್ಥಳೀಯ ಯುವ ದಂಪತಿಗಳಿಗೆ ಬಾಡಿಗೆ ಮನೆಯೂ ಎಟುಕದಂತಾಗುತ್ತದೆ. ಕೆನಡಾ ದೇಶವು 2023ರ ಜನವರಿಯಿಂದ ವಿದೇಶೀಯರ ಮನೆ ಖರೀದಿಗೆ ತಡೆಯೊಡ್ಡಿದ್ದು ಇಂತಹ ಕಳವಳದಿಂದಲೇ. ಐದು ಲಕ್ಷ ಯೂರೋ ಆಸ್ತಿ ಕೊಂಡವರಿಗೆ ವಾಸದ ಪರವಾನಗಿ ನೀಡುತ್ತಿದ್ದ ಸ್ಪೇನ್ ದೇಶವು 2025ರ ಏಪ್ರಿಲಿನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ನನ್ನ ಹಣ, ನನ್ನ ಮನೆ ಎನ್ನುವವನಿಗೆ ನೆರೆಯವನ ಅಳಲು ಕೇಳಿಸುವುದು ಕಷ್ಟ. ಆತ್ಮಸುಧಾರಣೆಯ ಮಾತು ಅಲ್ಲಿಗೆ ಮುಗಿಯಿತು.

ಕೊನೆಯದಾಗಿ, ನಮ್ಮ ಅಂಗಳದತ್ತಲೂ ಒಮ್ಮೆ ಕಣ್ಣು ಹಾಯಿಸೋಣ. ಮಂಗಳೂರು, ಉಡುಪಿ ಸೀಮೆಯಲ್ಲಿ ಹೊರದೇಶದ ದುಡಿಮೆಯಿಂದ ಎದ್ದ ದೊಡ್ಡ ಮನೆಗಳು ಎಷ್ಟೋ ಇವೆ. ಕೆಲವದರಲ್ಲಿ ವೃದ್ಧ ತಾಯಿಯೊಬ್ಬಳೇ ಇದ್ದಾಳೆ. ಇನ್ನು ಕೆಲವದರಲ್ಲಿ ಬೀಗವಷ್ಟೇ ಇದೆ. ಸಂಬೂಕದ ಮನೆಗಳೂ ಒಂದು ಕಾಲಕ್ಕೆ ಹೀಗೆಯೇ ಬರಿದಾದವು. ದೂರದ ನಾಡಿನಲ್ಲಿ ಮನೆ ಕೊಳ್ಳಲು ಹೊರಟ ಓದುಗರೇ, ಬೆಲೆ, ಸಾಲ, ಕಾನೂನುಗಳನ್ನು ಅವಶ್ಯ ವಿಚಾರಿಸಿ. ಅದರ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳಿ: ಅಲ್ಲಿಯ ಭಾಷೆಯನ್ನು ಕಲಿಯಲು ನಾನು ಸಿದ್ಧನೇ? ಪಕ್ಕದ ಮನೆಯವರ ಹೆಸರು ನನಗೆ ತಿಳಿಯುವುದೇ? ಅಲ್ಲಿ ದೀಪ ಹಚ್ಚುವ ಸಲುವಾಗಿ ಇಲ್ಲಿ ಯಾರ ಮನೆಯ ದೀಪವನ್ನು ನಾನು ಆರಿಸುತ್ತಿದ್ದೇನೆ? ಈ ಮೂರಕ್ಕೂ ಪ್ರಾಮಾಣಿಕ ಉತ್ತರ ಸಿಕ್ಕಿದ ಮೇಲೆ ಕ್ರಯಪತ್ರಕ್ಕೆ ಸಹಿ ಹಾಕಿ.