ದನಿಯ ಋಣ

ನನ್ನ ತಂಗಿಯ ಮಗ ಎಂಜಿನಿಯರಿಂಗ್ ಓದಲೆಂದು ಶಿವಮೊಗ್ಗದ ನಮ್ಮ ಮನೆಗೆ ಬಂದು ಸೇರಿದಾಗ, ಬಟ್ಟೆಬರೆ ಪುಸ್ತಕಗಳ ಜೊತೆಗೆ ಒಂದು ಗಿಟಾರನ್ನೂ ಒಂದು ಕೆಂಪು ಡಬ್ಬಿಯನ್ನೂ ಹೊತ್ತು ತಂದ. ಡಬ್ಬಿ ನೋಡಲು ದೊಡ್ಡದೊಂದು ಗೋಡಂಬಿಯ ಹಾಗಿತ್ತು. ಮೈತುಂಬ ತಿರುಪುವ ಗುಂಡಿಗಳು. ಯಾರೋ ಹಿರಿಯ ವಿದ್ಯಾರ್ಥಿಯಿಂದ ಅರ್ಧ ಬೆಲೆಗೆ ಕೊಂಡದ್ದಂತೆ. ಸಂಜೆ ನನ್ನ ಬಳಿ ಸಂಗೀತ ಕಲಿಯಲು ಬರುವ ಹುಡುಗಿಯರು ಮನೆಗೆ ಹೋದ ಮೇಲೆ ಅವನ ಪಾಳಿ. ನಮ್ಮ ಸರಳೆ ವರಸೆ ಮುಗಿಯಿತೆಂದರೆ ಅವನ ಗುಡುಗು ಶುರು.

ಒಂದು ದಿನ ಕಾಫಿ ಕೊಡಲು ಹೋದವಳು ಕನ್ನಡಕ ಹಾಕಿಕೊಂಡು ಆ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿದೆ. ಒಂದು ಗುಂಡಿಯ ಸುತ್ತ 16 ಹೆಸರುಗಳು. 'ಟ್ವೀಡ್ ಬ್ಲೂಸ್', 'ಬ್ಲ್ಯಾಕ್ ಪ್ಯಾನೆಲ್', 'ಬ್ರಿಟ್ ಕ್ಲಾಸ್ ಎ', 'ಬ್ರಿಟ್ ಬ್ಲೂಸ್', 'ರೆಕ್ಟಿಫೈಡ್' ಎಂದೇನೇನೋ. ಸೀರೆಯಂಗಡಿಯ ಹೆಸರುಗಳೋ ಔಷಧದ ಹೆಸರುಗಳೋ ತಿಳಿಯಲಿಲ್ಲ.

"ಇವೆಲ್ಲ ಏನೋ?" ಎಂದೆ.

"ಹಳೇ ಆಂಪ್ಲಿಫೈಯರುಗಳು, ದೊಡ್ಡಮ್ಮ. ಒಂದೊಂದು ಹೆಸರಿಗೆ ತಿರುಗಿಸಿದರೆ ಒಂದೊಂದು ಹಳೇ ಆಂಪಿನ ದನಿ ಬರುತ್ತೆ. ಅನುಕರಣೆ."

"ಹಾಗಾದರೆ ಆ ಹಳೆಯವುಗಳ ಹೆಸರನ್ನೇ ಬರೆಯಬಾರದಿತ್ತೇ?"

"ಬರೆದರೆ ಕೇಸು ಹಾಕ್ತಾರೆ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಯಾಕೆಂಬುದನ್ನು ಆಮೇಲೆ ಹೇಳುತ್ತೇನೆ.

ನಮ್ಮ ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ. ಎಲೆಕ್ಟ್ರಿಕ್ ಗಿಟಾರಿಗೆ ಅಂಥದೇನೂ ಇಲ್ಲ. ಅದು ಬರೀ ಮರದ ಹಲಗೆ. ತಂತಿ ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ಅದಕ್ಕೆ ದನಿ ಕೊಡುವುದು ಆಂಪ್ಲಿಫೈಯರು. ನಮ್ಮ ತಂದೆಯ ಕಾಲದ ರೇಡಿಯೊದಲ್ಲಿ ಕೆಂಪಗೆ ಕಾಯುತ್ತಿದ್ದವಲ್ಲ, ಅಂಥ ವಾಲ್ವುಗಳಿರುವ ದೊಡ್ಡ ಪೆಟ್ಟಿಗೆ. ಆ ವಾದ್ಯದ ಅರ್ಧ ಪ್ರಾಣ ಆ ಪೆಟ್ಟಿಗೆಯಲ್ಲೇ ಇದೆ. ಅದು ಭಾರ, ದುಬಾರಿ, ಸದ್ದೂ ಹೆಚ್ಚು. ಹೀಗಾಗಿ ಅಮೆರಿಕದ ಲೈನ್ 6 ಎಂಬ ಕಂಪನಿ ಹಳೆಯ ಆಂಪುಗಳ ನಡವಳಿಕೆಯನ್ನು ಲೆಕ್ಕವಾಗಿ ಬರೆದು ಚಿಪ್ಪಿನೊಳಗೆ ಕೂರಿಸಿತು. 1996ರಲ್ಲಿ ಅಂಥ ಒಂದು ಆಂಪು ತಂದಿತು. 1998ರಲ್ಲಿ ಈ 'ಪಾಡ್' ಎಂಬ ಕೆಂಪು ಗೋಡಂಬಿಯನ್ನು.

ಹೆಸರುಗಳ ಒಗಟನ್ನು ಹುಡುಗ ಬಿಡಿಸಿ ಹೇಳಿದ. 'ಟ್ವೀಡ್' ಎಂದರೆ ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿ 1950ರ ದಶಕದಲ್ಲಿ ತನ್ನ ಪೆಟ್ಟಿಗೆಗಳಿಗೆ ಹೊದಿಸುತ್ತಿದ್ದ ಬಟ್ಟೆ. 'ಬ್ಲ್ಯಾಕ್ ಪ್ಯಾನೆಲ್' ಅದೇ ಕಂಪನಿಯ 1960ರ ದಶಕದ ಕಪ್ಪು ಮುಖದ ಆಂಪು. 'ಬ್ರಿಟ್ ಕ್ಲಾಸ್ ಎ' ಇಂಗ್ಲೆಂಡಿನ ವಾಕ್ಸ್ ಎಸಿ30. ಬೀಟಲ್ಸ್ ತಂಡದವರು ನುಡಿಸಿದ್ದು ಅದರಲ್ಲಿ. 'ರೆಕ್ಟಿಫೈಡ್' ಎಂದರೆ ಮೆಸಾ ಬೂಗಿ ಕಂಪನಿಯ ಡ್ಯುಯಲ್ ರೆಕ್ಟಿಫೈಯರ್. ಹೆಸರು ಹೇಳದೆ ಗುರುತು ಹೇಳುವ ಈ ರೀತಿ ನಮಗೆ ಹೊಸದೇನಲ್ಲ. ಗಂಡನ ಹೆಸರು ಹೇಳಬಾರದ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಹೀಗೇ ಸುತ್ತಿ ಬಳಸಿ ಹೇಳುತ್ತಿದ್ದರು.

ನನಗೆ ಹಿಡಿಸಿದ್ದು 'ಟ್ವೀಡ್ ಬ್ಲೂಸ್' ಮತ್ತು 'ಬ್ರಿಟ್ ಬ್ಲೂಸ್'ಗಳ ಕತೆ. ಮೊದಲನೆಯದು ಫೆಂಡರ್ ಕಂಪನಿಯ ಬಾಸ್‌ಮನ್, 1950ರ ದಶಕದ ಕೊನೆಯದು. ಅದನ್ನು ಮಾಡಿದ್ದು ಮಂದ್ರದ ಬಾಸ್ ಗಿಟಾರಿಗೆ. ಉಳಿದ ಗಿಟಾರಿನವರು ಅದನ್ನು ತಮ್ಮದಾಗಿಸಿಕೊಂಡರು. ಎರಡನೆಯದು ಮಾರ್ಷಲ್ ಜೆಟಿಎಂ45. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ಮೇಷ್ಟರ ವಾದ್ಯದಂಗಡಿಯಿತ್ತು. ಅಮೆರಿಕದ ಆಂಪು ಅಲ್ಲಿಯ ಹುಡುಗರ ಕೈಗೆಟುಕುತ್ತಿರಲಿಲ್ಲ. 1962ರಲ್ಲಿ ಮಾರ್ಷಲ್, ಅಂಗಡಿಯ ಕೆನ್ ಬ್ರ್ಯಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಹುಡುಗ ಸೇರಿ ಬಾಸ್‌ಮನ್ನಿನ ಸರ್ಕ್ಯೂಟನ್ನು ಮುಂದಿಟ್ಟುಕೊಂಡು ತಮ್ಮದೊಂದನ್ನು ಕಟ್ಟಿದರು. ಬಿಡಿಭಾಗಗಳು ಮಾತ್ರ ಇಂಗ್ಲೆಂಡಿನಲ್ಲಿ ಸಿಕ್ಕಿದವು. ಬೇರೆ ವಾಲ್ವು, ಹತ್ತಿಂಚಿನ ಸ್ಪೀಕರುಗಳ ಬದಲು ಹನ್ನೆರಡಿಂಚಿನವು, ಹಿಂಬದಿ ತೆರೆದ ಪೆಟ್ಟಿಗೆಯ ಬದಲು ಮುಚ್ಚಿದ್ದು. ದನಿ ಬೇರೆಯೇ ಆಗಿಹೋಯಿತು. ನಕಲಾಗಿ ಹುಟ್ಟಿದ್ದು ಲೋಕಪ್ರಸಿದ್ಧ ಅಸಲಾಯಿತು. ಈಗ ಈ ಕೆಂಪು ಡಬ್ಬಿ ಇಬ್ಬರನ್ನೂ ಅನುಕರಿಸುತ್ತದೆ. ತಾಯಿಯೂ ಮಗಳೂ ಒಂದೇ ಗುಂಡಿಯ ಸುತ್ತ ಕೂತಿದ್ದಾರೆ, ಇಬ್ಬರ ಮುಖಕ್ಕೂ ಸೆರಗು.

ಅನುಕರಣೆ ತಪ್ಪೇ ಎಂದು ಯೋಚಿಸಿದೆ. ತಪ್ಪೆಂದು ಹೇಳಲಾರೆ. ನಾನು ಪಾಠ ಮಾಡುವಾಗ ಹಚ್ಚುವ ಎಲೆಕ್ಟ್ರಾನಿಕ್ ತಂಬೂರಿಯೂ ಅನುಕರಣೆಯೇ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅಂಥದ್ದನ್ನು 1979ರಲ್ಲಿ ಮಾಡಿದರು. ತಂಬೂರಿ ಇಡಲು ಜಾಗವಿಲ್ಲದ, ಮೀಟಲು ಜನರಿಲ್ಲದ ಎಷ್ಟು ಮನೆಗಳಲ್ಲಿ ಅದರಿಂದ ಶ್ರುತಿ ನಿಂತಿದೆ! ಹಾಗೆಯೇ ನಾವೆಲ್ಲ ಅಮ್ಮನ ಕೈ ನೋಡಿಯೇ ಸಾರು ಮಾಡಲು, ರಂಗೋಲಿಯೆಳೆ ಎಳೆಯಲು ಕಲಿತವರು. ಮೊದಲ ಹೋಳಿಗೆ ತಟ್ಟಿದವಳು ಯಾರೆಂದು ಯಾರೂ ಕೇಳುವುದಿಲ್ಲ.

"ದನಿ ಚೆನ್ನಾಗಿದ್ದರೆ ಸಾಲದೇ ದೊಡ್ಡಮ್ಮ? ಯಾವುದರ ನಕಲು ಅಂತ ಗೊತ್ತಾಗಿ ಏನಾಗಬೇಕು?" ಎಂದು ಹುಡುಗನೇ ಕೇಳಿದ. ಆದರೆ ಅವನೇ ಆ 16 ಹೆಸರುಗಳ ಮೂಲವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ. ಯಾಕಪ್ಪ ಎಂದರೆ, ಮೂಲ ಗೊತ್ತಿದ್ದರೆ ಗುಂಡಿ ಎಷ್ಟು ತಿರುಗಿಸಬೇಕೆಂದು ತಿಳಿಯುತ್ತದಂತೆ. ವಾಕ್ಸ್ ಆಂಪಿನ 'ಕಟ್' ಗುಂಡಿಯನ್ನು ಏರಿಸಿದರೆ ದನಿಯ ಚೂಪು ಇಳಿಯುತ್ತದೆ. ಗೊತ್ತಿಲ್ಲದವನು ಉಲ್ಟಾ ತಿರುಗಿಸುತ್ತಾನೆ. ಇನ್ನೊಂದು ಸಂಗತಿ ಹೇಳಿದ. ಹಳೆಯ ಅನೇಕ ಆಂಪುಗಳಲ್ಲಿ ಕರೆಂಟನ್ನು ಹದಕ್ಕೆ ತರಲು ರೆಕ್ಟಿಫೈಯರ್ ಎಂಬ ವಾಲ್ವು ಇರುತ್ತಿತ್ತು. ತಂತಿಯನ್ನು ಜೋರಾಗಿ ಬಾರಿಸಿದಾಗ ಅದಕ್ಕೆ ಏಗಲಾಗದೆ ವೋಲ್ಟೇಜು ಒಂದು ಕ್ಷಣ ಕುಸಿಯುತ್ತಿತ್ತು. ದನಿ ಕೊಂಚ ಕುಗ್ಗಿ, ಮತ್ತೆ ಮೇಲೇಳುತ್ತಿತ್ತು. ಅದು ಯಂತ್ರದ ಬಡತನ. ಆದರೆ ಕೇಳುವ ಕಿವಿಗೆ ಅದು ಉಸಿರೆಳೆದ ಹಾಗೆ ಹಿತವಾಯಿತು. ಈಗಿನ ಡಬ್ಬಿಗಳಲ್ಲಿ ಆ ವಾಲ್ವೇ ಇಲ್ಲ. ಆದರೂ ಲೆಕ್ಕ ಹಾಕಿ ಆ ಕುಸಿತವನ್ನು ತರುತ್ತಾರೆ. ಕೆಲವದರಲ್ಲಿ 'ಸ್ಯಾಗ್' ಎಂದು ಅದಕ್ಕೇ ಬೇರೆ ಹಿಡಿತ ಉಂಟಂತೆ.

ಇದನ್ನು ಕೇಳಿದಾಗ ನನಗೆ ನಮ್ಮ ಸಣ್ಣತ್ತೆಯ ನೆನಪಾಯಿತು.

ಸಣ್ಣತ್ತೆ ನನ್ನ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಸಾಗರದ ನಮ್ಮ ಮನೆಗೆ ಬಂದವರು. ಊರಿಗೆಲ್ಲ ಅವರು ಸಣ್ಣತ್ತೆಯೇ. ಬೇರೆ ಹೆಸರು ಕರೆದವರಿಲ್ಲ. ಬೆಳಗಿನ ಜಾವ ಅಡಿಗೆಮನೆಯ ಕಂಬದ ಬಳಿ ಕೂತು ಮಜ್ಜಿಗೆ ಕಡೆಯುತ್ತ ದೇವರನಾಮ ಹೇಳಿಕೊಳ್ಳುತ್ತಿದ್ದರು. ಅವರಿಗೆ ಸಂಗೀತದ ಪಾಠವಾಗಿರಲಿಲ್ಲ. ಧಾಟಿ ಅವರದೇ. ಒಂದು ಹಾಡಿನಲ್ಲಿ ಸಾಲಿನ ನಡುವೆ ಸ್ವಲ್ಪ ತಡೆದು, ಮುಂದಿನ ಮಾತನ್ನು ಮೆಲ್ಲಗೆ ಎತ್ತಿಕೊಳ್ಳುತ್ತಿದ್ದರು. ಹಾಸಿಗೆಯಲ್ಲಿ ಮಲಗಿ ಕೇಳಿ ಕೇಳಿ ನನಗದು ಹಾಗೇ ಬಾಯಿಗೆ ಬಂತು.

1974ರ ನವರಾತ್ರಿಯಲ್ಲಿ ಊರಿನ ಮಹಿಳೆಯರ ಹಾಡಿನ ಸ್ಪರ್ಧೆಗೆ ನಾನು ಅದನ್ನೇ ಹಾಡಿದೆ. ಮೊದಲ ಬಹುಮಾನ ಬಂತು. ಬಹುಮಾನ ಕೊಟ್ಟ ಹಿರಿಯರು ಆ ತಡೆಯನ್ನೇ ಹೊಗಳಿ, "ಧಾಟಿ ಯಾರದಮ್ಮ?" ಎಂದು ಕೇಳಿದರು. ಮೈಕಿನ ಮುಂದೆ ನಿಂತಿದ್ದ ನಾನು "ನಾನೇ ಹಾಕಿದ್ದು" ಎಂದುಬಿಟ್ಟೆ. ಸಣ್ಣತ್ತೆ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂತಿದ್ದರು.

ಮನೆಗೆ ಬರುವಾಗ ಬಹುಮಾನದ ಸ್ಟೀಲ್ ಡಬ್ಬಿಯನ್ನು ಅವರೇ ಎತ್ತಿಕೊಂಡು ಬಂದರು. "ಚೆನ್ನಾಗಿ ಹೇಳಿದೆ ಮಗಾ" ಎಂದರು. ಆ ಡಬ್ಬಿಗೆ ಸಾಸಿವೆ ತುಂಬಿಟ್ಟರು. ಮರುದಿನ ಮಜ್ಜಿಗೆ ಕಡೆಯುವಾಗ ಬೇರೆ ಹಾಡು ಹೇಳಿಕೊಂಡರು. ಆ ಹಾಡನ್ನು ಅವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ. 1988ರಲ್ಲಿ ಅವರು ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ತಡೆ ಯಾಕೆ ಬರುತ್ತಿತ್ತೆಂಬುದು ನನಗೆ ತಿಳಿದದ್ದು ಮದುವೆಯಾಗಿ ನಾನೇ ಹಗ್ಗ ಹಿಡಿದು ಕಡೆಯಲು ಕೂತಾಗ. ಬೆಣ್ಣೆ ಕೂಡುವ ಹೊತ್ತಿಗೆ ಕಡೆಗೋಲು ಭಾರವಾಗುತ್ತದೆ. ಕೈ ತಡೆಯುತ್ತದೆ, ಕೈಯ ಜೊತೆ ಉಸಿರೂ ತಡೆಯುತ್ತದೆ. ಜನ ಮೆಚ್ಚಿದ್ದು ಸಣ್ಣತ್ತೆಯ ರಟ್ಟೆಯ ದಣಿವನ್ನು. ರೇಷ್ಮೆಸೀರೆ ಉಟ್ಟು ನಿಂತು ಹಾಡಿದ ನನಗೆ ಆ ದಣಿವು ಇರಲಿಲ್ಲ, ಅದರ ನಕಲು ಮಾತ್ರ ಇತ್ತು.

ಹುಡುಗ ಡಬ್ಬಿಯ ಜೊತೆಗಿದ್ದ ಪುಸ್ತಕವನ್ನೂ ತೋರಿಸಿದ. ಮೇಲೆ ಮುಸುಕಿನ ಹೆಸರಿದ್ದರೂ ಒಳಗೆ ಯಾವ ದನಿಗೆ ಯಾವ ಆಂಪು ಆಧಾರವೆಂದು ಹೇಳಿದ್ದಾರೆ. ಆ ಹೆಸರುಗಳು ಅವರವರ ಸ್ವತ್ತು, ನಮಗೂ ಅವರಿಗೂ ಸಂಬಂಧವಿಲ್ಲವೆಂದೂ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ವ್ಯಾಪಾರದ ಲೋಕದ ಕಾನೂನು ವಿಚಿತ್ರ. 1950ರ ದಶಕದ ಸರ್ಕ್ಯೂಟಿನ ಮೇಲೆ ಈಗ ಯಾರ ಪೇಟೆಂಟೂ ಉಳಿದಿಲ್ಲ. ಅದನ್ನು ಯಾರೂ ಅನುಕರಿಸಬಹುದು. ಹೆಸರು ಮಾತ್ರ ನೋಂದಾಯಿತ ಆಸ್ತಿ, ಅದನ್ನು ಮುಟ್ಟಿದರೆ ತಕರಾರು. ಕೋರ್ಟಿನ ಭಯವಿದ್ದೂ ಅವರು ಸಣ್ಣಕ್ಷರದಲ್ಲಾದರೂ ಹೇಳಿದರು. ಸಣ್ಣತ್ತೆ ನನ್ನ ಮೇಲೆ ಯಾವ ದಾವೆಯನ್ನೂ ಹೂಡುವವರಾಗಿರಲಿಲ್ಲ. ಆದರೂ ನಾನು ಹೇಳಲಿಲ್ಲ.

ಎಲ್ಲದಕ್ಕೂ ಹೆಸರಿನ ಚೀಟಿ ಅಂಟಿಸುತ್ತ ಬದುಕಲಾಗದು, ನಿಜ. ನೂರು ಕೈ ದಾಟಿ ಬಂದದ್ದು ಎಲ್ಲರದು. ಆದರೆ ಒಬ್ಬರ ಕೈಯಿಂದ, ನಮಗೆ ಮುಖ ಗೊತ್ತಿರುವ ಒಬ್ಬರಿಂದ ಬಂದದ್ದಕ್ಕೆ ಲೆಕ್ಕ ಬೇರೆ. ಅದರಲ್ಲೂ "ಯಾರದು?" ಎಂದು ಯಾರಾದರೂ ಕೇಳಿದಾಗ. ಕೇಳುವವರೆಗೆ ಸುಮ್ಮನಿದ್ದರೆ ಅದು ಮರೆವಿರಬಹುದು. ಕೇಳಿದ ಮೇಲೆ ಅಡಗಿಸಿದರೆ ಅದು ಕಳವು. ಮನೆಯೊಳಗಿನ ಹೆಂಗಸರ ವಿಷಯದಲ್ಲಿ ಈ ಕಳವು ಬಲು ಸುಲಭ. ಅವರ ಹೆಸರು ಎಲ್ಲಿಯೂ ನೋಂದಾಯಿಸಿರುವುದಿಲ್ಲ.

ಈಗ ಆ ಹಾಡನ್ನು ಪಾಠ ಮಾಡುವಾಗ ಹುಡುಗಿಯರ ಪುಸ್ತಕದಲ್ಲಿ, ರಾಗ ತಾಳ ಬರೆಯುವ ಜಾಗದ ಕೆಳಗೆ, 'ಸಣ್ಣತ್ತೆಯ ಧಾಟಿ' ಎಂದು ಬರೆಸುತ್ತೇನೆ. ಮೊನ್ನೆ ಒಬ್ಬಳು, "ಸಣ್ಣತ್ತೆ ಅಂದರೆ ಯಾರು ಟೀಚರ್?" ಎಂದು ಕೇಳಿದಳು. ಮಜ್ಜಿಗೆ ಕಡೆಯುವ ಕಂಬದಿಂದ ಶುರುಮಾಡಿ ಬಹುಮಾನದ ಡಬ್ಬಿಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವತ್ತು ಪಾಠ ಅರ್ಧಕ್ಕೇ ನಿಂತಿತು.